ಎಣ್ಣೆಯ ಅಳತೆ: ಶ್ರಾವಕಾಚಾರದಲ್ಲಿ ಅಭ್ಯಂಗ

ಮೈಗೂ ಮುಖಕ್ಕೂ ಎಣ್ಣೆ ಲೇಪಿಸಿಕೊಳ್ಳುವ ರೂಢಿ ಭಾರತದಲ್ಲಿ ಬಹು ಪ್ರಾಚೀನವಾದುದು. ವಾಗ್ಭಟನ ‘ಅಷ್ಟಾಂಗಹೃದಯ’ವು ನಿತ್ಯಾಭ್ಯಂಗವನ್ನು ದಿನಚರಿಯ ಅಂಗವಾಗಿ ವಿಧಿಸುತ್ತದೆ. ಕೇಸರಿ, ಚಂದನ, ಯಷ್ಟಿಮಧು, ಅರಗು ಮೊದಲಾದವುಗಳನ್ನು ಎಳ್ಳೆಣ್ಣೆಯಲ್ಲಿ ಪಾಕಗೊಳಿಸಿದ ಕುಂಕುಮಾದಿ ತೈಲ ಮುಖಕಾಂತಿಗಾಗಿ ಇಂದಿಗೂ ಬಳಕೆಯಲ್ಲಿದೆ. ವೈದ್ಯಶಾಸ್ತ್ರಕ್ಕೆ ಮುಖ್ಯವಾದುದು ಎಣ್ಣೆಯ ಗುಣ. ಜೈನ ಆಚಾರಗ್ರಂಥಗಳಾದರೋ ಬೇರೆಯೇ ಪ್ರಶ್ನೆಗಳನ್ನು ಎತ್ತಿದವು: ಗೃಹಸ್ಥನಿಗೆ ಎಷ್ಟು ಎಣ್ಣೆ ಸಾಕು? ಅದನ್ನು ತೆಗೆಯುವ ವೃತ್ತಿಯಲ್ಲಿ ಎಷ್ಟು ಹಿಂಸೆಯಿದೆ?

ಈ ಚರ್ಚೆಗೆ ಶ್ವೇತಾಂಬರ ಆಗಮಗಳಲ್ಲಿ ಏಳನೆಯ ಅಂಗವಾದ ‘ಉಪಾಸಕದಶಾ’ ಮುಖ್ಯ ಆಕರ. ಅದರ ಮೊದಲ ಅಧ್ಯಯನದ ನಾಯಕ ವಾಣಿಜ್ಯಗ್ರಾಮದ ಆನಂದ ಕೋಟ್ಯಧೀಶ; ಐನೂರು ನೇಗಿಲ ಭೂಮಿ, ಹತ್ತು ಸಾವಿರ ಹಸುಗಳ ನಾಲ್ಕು ಗೋಕುಲಗಳ ಒಡೆಯ. ಮಹಾವೀರನ ಸನ್ನಿಧಿಯಲ್ಲಿ ಶ್ರಾವಕವ್ರತ ಸ್ವೀಕರಿಸುವಾಗ ಅವನು ತನ್ನ ಭೋಗವಸ್ತುಗಳನ್ನು ಒಂದೊಂದಾಗಿ ಮಿತಗೊಳಿಸುತ್ತಾನೆ. ಅಭ್ಯಂಗಕ್ಕೆ ಶತಪಾಕ, ಸಹಸ್ರಪಾಕ ತೈಲಗಳು ಮಾತ್ರ. ಮೈ ತಿಕ್ಕಲು ಸುಗಂಧ ಬೆರೆತ ಗೋಧಿಹಿಟ್ಟು. ಸ್ನಾನಕ್ಕೆ ಎಂಟು ಕೊಡ ನೀರು. ಲೇಪನಕ್ಕೆ ಅಗರು, ಕುಂಕುಮ, ಚಂದನ. ಉಳಿದುದೆಲ್ಲ ತ್ಯಾಜ್ಯ. ಶತಪಾಕ, ಸಹಸ್ರಪಾಕಗಳು ಸಾಮಾನ್ಯರ ಕೈಗೆಟುಕುವ ಎಣ್ಣೆಗಳಲ್ಲ. ಆದುದರಿಂದ ಇಲ್ಲಿ ವ್ರತವು ಸಿರಿವಂತನನ್ನು ಬಡವನಾಗಿಸುವುದಿಲ್ಲ. ಅವನ ಬಯಕೆಗೆ ಒಂದು ಎಲ್ಲೆಯನ್ನು ಹಾಕುತ್ತದೆ.

ದಿಗಂಬರ ಪರಂಪರೆಯಲ್ಲಿ ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ ಈ ಎಲ್ಲೆಗೆ ಕಾಲದ ಅಳತೆಯನ್ನೂ ಸೇರಿಸಿತು. ಆಹಾರ, ವಾಹನ, ಶಯನಗಳ ಜೊತೆಗೆ ಸ್ನಾನ, ಅಂಗರಾಗಗಳನ್ನೂ ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು ಅಥವಾ ಅಯನದವರೆಗೆ ತ್ಯಜಿಸುವುದು ನಿಯಮ. ಜೀವನಪರ್ಯಂತ ತ್ಯಜಿಸುವುದು ಯಮ. ಉಪವಾಸದ ದಿನ ಸ್ನಾನ, ಅಂಜನ, ಗಂಧ, ಪುಷ್ಪಗಳು ವರ್ಜ್ಯ. ಈ ಮೆಟ್ಟಿಲುಗಳ ತುದಿಯಲ್ಲಿ ನಿಲ್ಲುವವನು ಮುನಿ. ಅವನ ಇಪ್ಪತ್ತೆಂಟು ಮೂಲಗುಣಗಳಲ್ಲಿ ಅಸ್ನಾನವೂ ಒಂದು.

ಇದಕ್ಕೆ ಎದುರು ತುದಿಯಲ್ಲಿರುವುದು ಅರಮನೆ. ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ವು 12ನೆಯ ಶತಮಾನದ ಸಂಸ್ಕೃತ ಗ್ರಂಥ. ಅದರ ಸ್ನಾನಭೋಗ ಪ್ರಕರಣದಲ್ಲಿ ಹೂಗಳ ಕಂಪನ್ನು ಎಳ್ಳಿಗೆ ಹತ್ತಿಸಿ ತೆಗೆದ ಎಣ್ಣೆಯ ಅಭ್ಯಂಗ ರಾಜಭೋಗವೆನಿಸಿದೆ. ಅದಕ್ಕೂ ಒಂದು ಶತಮಾನ ಹಿಂದೆಯೇ ಚಾಲುಕ್ಯರ ಆಶ್ರಯದ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳ ತಯಾರಿಕೆಯನ್ನು ಕನ್ನಡದಲ್ಲಿ ನಿರೂಪಿಸಿದ್ದ. ಇವನು ಗೊಮ್ಮಟಮೂರ್ತಿಯನ್ನು ಮಾಡಿಸಿದ ಚಾವುಂಡರಾಯನಲ್ಲ. ಶ್ರಾವಕಾಚಾರ ಮಿತಗೊಳಿಸಲು ಹೊರಟಿದ್ದು ಇಂತಹ ಸಮೃದ್ಧ ಭೋಗಸಂಸ್ಕೃತಿಯನ್ನೇ.

ಆದರೆ ಆನಂದನ ಕಥೆಯಲ್ಲಿ ಒಂದು ತೊಡಕಿದೆ. ಅಭ್ಯಂಗದ ಎಣ್ಣೆಯನ್ನು ಸಮ್ಮತಿಸಿದ ಅದೇ ಅಧ್ಯಯನ ಶ್ರಾವಕನು ಕೈಗೊಳ್ಳಬಾರದ ಹದಿನೈದು ಕರ್ಮಾದಾನಗಳನ್ನು ಪಟ್ಟಿಮಾಡುತ್ತದೆ. ಎಳ್ಳು, ಕಬ್ಬುಗಳನ್ನು ಅರೆಯುವ ಯಂತ್ರಪೀಡನಕರ್ಮ ಅದರಲ್ಲಿ ಒಂದು. ಅರಗಿನ ವ್ಯಾಪಾರವಾದ ಲಾಕ್ಷಾವಾಣಿಜ್ಯ ಇನ್ನೊಂದು. ಎಂದರೆ, ಎಣ್ಣೆ ಹಚ್ಚಿಕೊಳ್ಳಬಹುದು, ಗಾಣ ಆಡಿಸಬಾರದು. ಈ ಅಳತೆಗೋಲಿನಿಂದ ನೋಡಿದರೆ ಕುಂಕುಮಾದಿ ತೈಲವೂ ನಿಷಿದ್ಧ ವೃತ್ತಿಗಳಿಲ್ಲದೆ ಸಿದ್ಧವಾಗದು: ಅದರ ಆಧಾರ ಎಳ್ಳೆಣ್ಣೆ, ಅದರ ದ್ರವ್ಯಗಳಲ್ಲೊಂದು ಅರಗು.

13ನೆಯ ಶತಮಾನದ ದಿಗಂಬರ ವಿದ್ವಾಂಸ ಪಂಡಿತ ಆಶಾಧರ ‘ಸಾಗಾರಧರ್ಮಾಮೃತ’ದಲ್ಲಿ ಈ ಪಟ್ಟಿಯನ್ನೇ ಪ್ರಶ್ನಿಸಿದ. ಲೋಕದಲ್ಲಿ ಸಾವದ್ಯಕರ್ಮಗಳು ಎಣಿಕೆಗೆ ಮೀರಿರುವಾಗ ಅವನ್ನು ಹದಿನೈದೆಂದು ಗೊತ್ತುಪಡಿಸುವುದು ಸಮಂಜಸವಲ್ಲವೆಂಬುದು ಅವನ ನಿಲುವು. ಅತಿ ಮಂದಮತಿಗಳಿಗಾದರೆ ಹಾಗೆ ಬೋಧಿಸಬಹುದು.

ಕರ್ನಾಟಕದ ಶಾಸನಗಳು ಇದೇ ತೊಡಕನ್ನು ಇನ್ನೊಂದು ಮಗ್ಗುಲಿನಿಂದ ತೋರಿಸುತ್ತವೆ. ಬಸದಿಗಳಿಗೆ ಬಿಟ್ಟ ದತ್ತಿಗಳಲ್ಲಿ ಗದ್ದೆ, ತೋಟ, ನಿವೇಶನಗಳ ಜೊತೆಗೆ ಗಾಣವೂ ಮತ್ತೆಮತ್ತೆ ಕಾಣಿಸಿಕೊಳ್ಳುತ್ತದೆ. ಜಿನನ ಮುಂದಿನ ನಂದಾದೀಪಕ್ಕೆ ಎಣ್ಣೆ ಒದಗಬೇಕಾದುದು ಗಾಣದಿಂದಲೇ. ವ್ರತಿಗೆ ವರ್ಜ್ಯವಾದ ವೃತ್ತಿ ಧರ್ಮಸಂಸ್ಥೆಗೆ ಆಧಾರವಾಗಿತ್ತು.

ಶ್ರಾವಕಾಚಾರವನ್ನು ದೇಹದ್ವೇಷದ ಶಾಸ್ತ್ರವೆಂದು ಓದುವವರು ಆನಂದನ ಶತಪಾಕ ತೈಲವನ್ನು ಮರೆಯುತ್ತಾರೆ. ಅಹಿಂಸೆಯ ನಿರ್ದೋಷ ಮಾದರಿಯೆಂದು ಓದುವವರು ಗಾಣಿಗನನ್ನು ಮರೆಯುತ್ತಾರೆ. ಬಳಸುವವನಿಗೆ ಅಳತೆಯನ್ನು ಕಲಿಸಿದ ಪರಂಪರೆ, ದುಡಿಯುವವನ ಪಾಪದ ಹೊರೆಯನ್ನು ಯಾರು ಹಂಚಿಕೊಳ್ಳಬೇಕೆಂಬ ಪ್ರಶ್ನೆಯನ್ನು ಬಗೆಹರಿಸದೆ ಉಳಿಸಿದೆ. ಆ ಗ್ರಂಥಗಳನ್ನು ಶಾಸನಗಳೊಡನೆ ಇಟ್ಟು ಓದಬೇಕಾದುದು ಈ ಕಾರಣಕ್ಕಾಗಿ.