ಬೇಗ ಬೆಳೆಯೋ ಕುಲಾಂತರಿ ಮೀನಿನ ಕಥೆ

ಕೃಷಿ ಹೊಂಡದಲ್ಲಿ ಮೀನು ಬಿಟ್ಟವರೆಲ್ಲ ಕೇಳೋದು ಒಂದೇ, ಬೇಗ ತೂಕ ಬರೋ ತಳಿ ಯಾವುದು ಅಂತ. ಹಾಗೆ ಬೇಗ ಬೆಳೆಯಲಿ ಅಂತಾನೇ ಮಾಡಿದ ಒಂದು ಮೀನಿನ ಇತಿಹಾಸ ಇವತ್ತು ಬರೀತೀನಿ.

1989ರಲ್ಲಿ ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ವಿಜ್ಞಾನಿಗಳು ಅಟ್ಲಾಂಟಿಕ್ ಸಾಲ್ಮನ್ ಮೀನಿನ ಮೊಟ್ಟೆಗೆ ಎರಡು ಬೇರೆ ಮೀನುಗಳ ಅಂಶ ಸೇರಿಸಿದರು. ಚಿನೂಕ್ ಸಾಲ್ಮನ್‌ನಿಂದ ಬೆಳವಣಿಗೆ ಹಾರ್ಮೋನಿನ ಜೀನ್ ತಗೊಂಡರು. ಹಿಮದಂಥ ನೀರಲ್ಲಿ ಬದುಕೋ ಓಷನ್ ಪೌಟ್ ಅನ್ನೋ ಮೀನಿನಿಂದ ಆ ಜೀನನ್ನು ಚಾಲೂ ಮಾಡೋ ಸ್ವಿಚ್ ತಗೊಂಡರು. ಮಾಮೂಲಿ ಸಾಲ್ಮನ್ ಚಳಿಗಾಲದಲ್ಲಿ ಹೆಚ್ಚು ಬೆಳೆಯಲ್ಲ. ಇದರಲ್ಲಿ ಸ್ವಿಚ್ ವರ್ಷಪೂರ್ತಿ ಆನ್. ಹಾಗಾಗಿ ಮೂರು ವರ್ಷಕ್ಕೆ ಬರೋ ತೂಕ ಹೆಚ್ಚುಕಮ್ಮಿ ಒಂದೂವರೆ ವರ್ಷಕ್ಕೇ ಬಂತು.

ಆದರೆ ಬೆಳವಣಿಗೆ ಪುಕ್ಕಟೆ ಬರಲ್ಲ. ಈ ಮೀನಿಗೆ ಹಸಿವು ಜಾಸ್ತಿ, ಆಮ್ಲಜನಕವೂ ಜಾಸ್ತಿ ಬೇಕು. ಮೇವು ನಿಲ್ಲಿಸಿದರೆ ಮೈಯಲ್ಲಿದ್ದ ಕೊಬ್ಬನ್ನು ಮಾಮೂಲಿ ಮೀನಿಗಿಂತ ಬೇಗ ಕರಗಿಸುತ್ತೆ. ಬೆಳಗಿನ ಜಾವ ಕಾಟ್ಲಾ ಮೇಲೆ ಬಂದು ಬಾಯಿ ಬಿಡೋದನ್ನ ನಾವು ನೋಡಿಲ್ವಾ? ಅಂಥ ನೀರಲ್ಲಿ ಇದರ ಗತಿ ಇನ್ನೂ ಕಷ್ಟ.

ಅಮೆರಿಕ 2015ರಲ್ಲಿ, ಕೆನಡಾ 2016ರಲ್ಲಿ ತಿನ್ನೋಕೆ ಒಪ್ಪಿಗೆ ಕೊಟ್ಟವು. ತಪ್ಪಿಸಿಕೊಂಡು ಹೊಳೆ, ಸಮುದ್ರ ಸೇರಿದರೆ ಅಂತ ನೆಲದ ಮೇಲಿನ ತೊಟ್ಟಿಯಲ್ಲೇ ಸಾಕಬೇಕಿತ್ತು. ಮಾರ್ತಿದ್ದ ಮೀನೆಲ್ಲ ಹೆಣ್ಣು, ಮರಿ ಹಾಕದ ಬಂಜೆ. ಅಂದ್ರೆ ಸಾಕೋನು ಪ್ರತಿ ಸಲ ಮೊಟ್ಟೆಗೆ ಕಂಪನಿ ಹತ್ರಾನೇ ಹೋಗಬೇಕಿತ್ತು. ದೊಡ್ಡ ದೊಡ್ಡ ಅಂಗಡಿಗಳು ಮಾರಲ್ಲ ಅಂದವು. ಪರಿಸರದ ಪರಿಶೀಲನೆ ಸಾಲದು ಅಂತ 2020ರಲ್ಲಿ ಅಮೆರಿಕದ ಕೋರ್ಟು ಹೇಳಿತು. ತೊಟ್ಟಿ, ಪಂಪು, ಕರೆಂಟಿನ ಖರ್ಚು ಬೇರೆ. ಕೊನೆಗೆ 2024ರ ಡಿಸೆಂಬರ್‌ನಲ್ಲಿ ಕಂಪನಿ ಮೀನು ಸಾಕೋದನ್ನೇ ನಿಲ್ಲಿಸ್ತೀವಿ ಅಂತು.

ನಮ್ಮ ದೇಶದಲ್ಲಿ ಬೇರೆ ದಾರಿ ಹಿಡಿದರು. ಭುವನೇಶ್ವರದ ಕೇಂದ್ರೀಯ ಸಿಹಿನೀರು ಮೀನು ಸಂಸ್ಥೆಯವರು ನಾರ್ವೆಯವರ ಜೊತೆ ಸೇರಿ, ಬೇರೆ ಬೇರೆ ನದಿಗಳ ರೋಹು ತಂದು, ಚೆನ್ನಾಗಿ ಬೆಳೆದ ಕುಟುಂಬಗಳನ್ನೇ ಆರಿಸಿ ಮರಿ ಮಾಡಿಸಿದರು. ಅದೇ 1997ರಲ್ಲಿ ಬಂದ ಜಯಂತಿ ರೋಹು. ಬೇರೆ ಮೀನಿನ ಜೀನ್ ಅದರಲ್ಲಿಲ್ಲ. ನಮ್ಮ ಹಿರಿಯರು ಒಳ್ಳೆ ತೆನೆ ನೋಡಿ ಬೀಜಕ್ಕೆ ಇಡ್ತಿದ್ದ ಲೆಕ್ಕವೇ ಇದು. ಗಿಫ್ಟ್ ತಿಲಾಪಿಯಾ ಕೂಡ ಹೀಗೆ ಆರಿಸಿದ ತಳಿ, ಕುಲಾಂತರಿ ಅಲ್ಲ.

ಮರಿ ಮಾರೋರು "ಡಬಲ್ ಬೆಳವಣಿಗೆ" ಅಂದಾಗ ಎರಡು ಕೇಳಿ: ಇದು ಯಾವ ತಳಿ, ಎಲ್ಲಿಂದ ಬಂತು? ಆಮೇಲೆ ನಿಮ್ಮ ಹೊಂಡದ ಮೇವು, ಗಾಳಿ ಎಷ್ಟು ಮೀನಿಗೆ ಸಾಕು ಅಂತ ನೀವೇ ಲೆಕ್ಕ ಹಾಕಿ.