ನೆಲೆಯನ್ನು ಸಾರುವ ಬಾನುಲಿ

ನಾವಿರುವ ನೆಲೆ ಇಂಥದೆಂದು ಅಳೆದು ಹೇಳುವ ಅಧಿಕಾರ ನಮ್ಮ ಸೀಮೆಯಲ್ಲಿ ಬಹುಕಾಲ ಸರಕಾರದ ಕೈಯಲ್ಲೇ ಇತ್ತು. 1800ರಲ್ಲಿ ಹೈದರಾಬಾದಿನ ನಿಜಾಮರು ಬಳ್ಳಾರಿ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟರು. ದತ್ತಮಂಡಲದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಇಲ್ಲಿಯ ಹೊಲಗಳನ್ನು ಅಳೆಯಿಸಿದನು. ಅದು ಕಂದಾಯಕ್ಕಾಗಿ ನಡೆದ ಅಳತೆ. ಭೂಮಿಯ ಆಕಾರವನ್ನೇ ನಿರ್ಣಯಿಸಹೊರಟ ವಿಲಿಯಂ ಲ್ಯಾಂಬ್ಟನ್ 1811ರಲ್ಲಿ, ಅಂದು ಬಳ್ಳಾರಿ ಜಿಲ್ಲೆಗೇ ಸೇರಿದ್ದ ಗುತ್ತಿಯ ಬಳಿ, ಸರಪಳಿ ಹಿಡಿದು ಒಂದು ಆಧಾರರೇಖೆಯನ್ನು ಅಳೆದನು. ಗುಡ್ಡದಿಂದ ಗುಡ್ಡಕ್ಕೆ ದೃಷ್ಟಿ ಹಾಯಿಸಿ, ಕೋನಗಳನ್ನು ಅಳೆದು, ತ್ರಿಕೋನಗಳ ಜಾಲವನ್ನೇ ನೇಯ್ದನು. ಆದರೆ ಆ ಜಾಲದೊಳಗೆ ಉಳುಮೆ ಮಾಡುತ್ತಿದ್ದ ರೈತನಿಗೆ ತನ್ನ ಹೊಲದ ಅಕ್ಷಾಂಶ ರೇಖಾಂಶಗಳು ತಿಳಿಯಲಿಲ್ಲ. ಲೆಕ್ಕವೆಲ್ಲ ದಫ್ತರಕ್ಕೆ ಸೇರಿತು.

ಈ ವಿದ್ಯೆ ಸಾಮಾನ್ಯರ ಕೈಗೆ ಬಂದ ಬಗೆಯನ್ನು ಇಲ್ಲಿ ಹೇಳಬೇಕೆಂದಿದ್ದೇನೆ. ಅದರಲ್ಲಿ ಹವ್ಯಾಸಿ ರೇಡಿಯೋದವರ ಪಾತ್ರ ಸಣ್ಣದಲ್ಲ. ಹವ್ಯಾಸಿ ಎಂಬ ಮಾತನ್ನು ಹಗುರವಾಗಿ ಎಣಿಸುವವರುಂಟು. ಆದರೆ 1935ರಲ್ಲಿ ಮೈಸೂರಿನ ಮನೋವಿಜ್ಞಾನದ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಬಾನುಲಿ ಕೇಂದ್ರವನ್ನು ತೆರೆದರು. ಅದಕ್ಕಿಟ್ಟ ‘ಆಕಾಶವಾಣಿ’ ಎಂಬ ಹೆಸರೇ ಮುಂದೆ ರಾಷ್ಟ್ರದ ಬಾನುಲಿಗೂ ಬಂದಿತು. ಒಬ್ಬರ ಆಸಕ್ತಿಯಿಂದ ಹುಟ್ಟಿದ್ದು ಸರ್ವರ ಸೊತ್ತಾಗುವುದಕ್ಕೆ ಇದಕ್ಕಿಂತ ಹತ್ತಿರದ ನಿದರ್ಶನ ಬೇಕಿಲ್ಲ.

ಅಮೆರಿಕದ ನೌಕಾ ಅಕಾಡೆಮಿಯಲ್ಲಿದ್ದ ಬಾಬ್ ಬ್ರುನಿಂಗ ಎಂಬ ಹವ್ಯಾಸಿ 1982ರಲ್ಲಿ, ಹಡಗುಗಳ ಸ್ಥಾನವರದಿಗಳನ್ನು ನಕ್ಷೆಯ ಮೇಲೆ ಗುರುತಿಸುವ ಕ್ರಮವಿಧಿಯೊಂದನ್ನು ಸಣ್ಣ ಗಣಕಯಂತ್ರಕ್ಕಾಗಿ ಬರೆದನು. 1984ರಲ್ಲಿ ಅದನ್ನೇ ಮಾರ್ಪಡಿಸಿ, ನೂರು ಮೈಲಿಗಳ ಕುದುರೆ ಸವಾರಿ ಸ್ಪರ್ಧೆಯೊಂದರಲ್ಲಿ ಕುದುರೆಗಳು ಎಲ್ಲಿಯವರೆಗೆ ಬಂದಿವೆಯೆಂದು ತಿಳಿಯಲು ಬಳಸಿದನು. 1992ರ ಹೊತ್ತಿಗೆ ಈ ಪದ್ಧತಿಗೆ ಎಪಿಆರ್‌ಎಸ್ ಎಂಬ ಹೆಸರು ನೆಲೆಗೊಂಡಿತು. ಉಪಗ್ರಹಗಳ ಸಂಕೇತದಿಂದ ಸ್ಥಾನವನ್ನು ಅರಿಯುವ ಜಿಪಿಎಸ್ ಗ್ರಾಹಕವನ್ನು ಜೋಡಿಸಿದ ಮೇಲಂತೂ ವರದಿಗಾರನೂ ಬೇಡವಾದನು. ಯಂತ್ರವೇ ತನ್ನ ನೆಲೆಯನ್ನು ಸಾರತೊಡಗಿತು.

ಇದರ ರೀತಿ ಸರಳವಾದುದು. ಗ್ರಾಹಕವು ಕೊಟ್ಟ ಅಕ್ಷಾಂಶ ರೇಖಾಂಶಗಳನ್ನು ಒಂದು ಸಣ್ಣ ಉಪಕರಣವು ಅಕ್ಷರಗಳ ಪೊಟ್ಟಣವಾಗಿ ಕಟ್ಟುತ್ತದೆ. ಆ ಅಕ್ಷರಗಳು 1200 ಮತ್ತು 2200 ಹರ್ಟ್ಸ್‌ಗಳ ಎರಡು ಸ್ವರಗಳಾಗಿ, ಸೆಕೆಂಡಿಗೆ 1200 ಬಿಟ್‌ಗಳಂತೆ ಗಾಳಿಗೇರುತ್ತವೆ. ಎತ್ತರದಲ್ಲಿರುವ ಪುನಃಪ್ರಸಾರಕವು ಅದನ್ನು ಕೇಳಿ ಮತ್ತೆ ಉಚ್ಚರಿಸುತ್ತದೆ. ಲ್ಯಾಂಬ್ಟನ್ನನಂತೆ ಇಲ್ಲಿಯೂ ಗುಡ್ಡವನ್ನೇ ನೆಚ್ಚಬೇಕು, ಏಕೆಂದರೆ ಈ ತರಂಗಗಳು ಬಹುಮಟ್ಟಿಗೆ ದಿಗಂತದವರೆಗಷ್ಟೇ ಸಾಗುತ್ತವೆ. ಸಮತಟ್ಟಾದ ಬಯಲಿನಲ್ಲಿ 100 ಮೀಟರ್ ಎತ್ತರದ ತಾಣಕ್ಕೆ ಬಾನುಲಿಯ ದಿಗಂತ ಸುಮಾರು 41 ಕಿಲೋಮೀಟರ್. ವಾಹನದ ಮೇಲೆ ಎರಡು ಮೀಟರ್ ಎತ್ತರದಲ್ಲಿರುವ ಆಂಟೆನಾಕ್ಕೆ ಸುಮಾರು ಆರು. ಎರಡನ್ನೂ ಕೂಡಿಸಿದರೆ 47. ಬಳ್ಳಾರಿಯಿಂದ ನೇರ ಗೆರೆ ಎಳೆದರೆ ಕುರುಗೋಡು ಸುಮಾರು 25 ಕಿಲೋಮೀಟರ್, ತೆಕ್ಕಲಕೋಟೆ 43, ಸಿರುಗುಪ್ಪ 54. ಆದುದರಿಂದ ನಡುವೆ ಬೇರೆ ಗುಡ್ಡ ಅಡ್ಡ ಬಾರದಿದ್ದರೆ, ನಗರದ ಅಂಥ ಎತ್ತರದಿಂದ ಕುರುಗೋಡು ನಿರಾಯಾಸವಾಗಿ ಕೇಳಿಸೀತು, ತೆಕ್ಕಲಕೋಟೆ ಕಷ್ಟದಿಂದ ಕೇಳಿಸೀತು. ಸಿರುಗುಪ್ಪದ ಎರೆ ಬಯಲಿಗೆ ನಡುದಾರಿಯಲ್ಲಿ ಇನ್ನೊಂದು ಪುನಃಪ್ರಸಾರಕ ಬೇಕು.

ಇನ್ನು ತಂತ್ರಾಂಶದ ಮಾತು. ಆರಂಭದಲ್ಲಿ ಈ ಪೊಟ್ಟಣಗಳನ್ನು ಕಟ್ಟುವುದಕ್ಕೂ ಬಿಚ್ಚುವುದಕ್ಕೂ ಪ್ರತ್ಯೇಕ ಪೆಟ್ಟಿಗೆಯೊಂದನ್ನು ಕೊಳ್ಳಬೇಕಾಗಿತ್ತು. 1983ರಲ್ಲಿ ರಿಚರ್ಡ್ ಸ್ಟಾಲ್ಮನ್ ಸ್ವತಂತ್ರ ತಂತ್ರಾಂಶದ ಗ್ನೂ ಯೋಜನೆಯನ್ನು ಘೋಷಿಸಿದನು. ಕ್ರಮವಿಧಿಯ ಮೂಲಪಾಠವನ್ನು ಓದುವ, ತಿದ್ದುವ, ಹಂಚುವ ಹಕ್ಕು ಬಳಸುವವನಿಗೆ ಇರಬೇಕೆಂಬುದು ಅದರ ತತ್ತ್ವ. 1991ರಲ್ಲಿ ಲಿನಕ್ಸ್ ಬಂದಿತು. ಆ ದಶಕದಲ್ಲಿಯೇ ಹವ್ಯಾಸಿಗಳ ಪೊಟ್ಟಣ ಸಂವಹನದ ನಿಯಮಗಳು ಅದರೊಳಗೆ ಸೇರಿದವು. 2000ದ ಆಗಸ್ಟ್‌ನಲ್ಲಿ ಎಪಿಆರ್‌ಎಸ್‌ನ ನಿಯಮಸಂಹಿತೆಯೂ ಪ್ರಕಟವಾಯಿತು. ಅಂದಿನಿಂದ ಯಾರು ಬೇಕಾದರೂ ಅದಕ್ಕೆ ಹೊಂದುವ ಕ್ರಮವಿಧಿಯನ್ನು ಬರೆಯಬಹುದಾಯಿತು. ನಕ್ಷೆ ತೋರಿಸುವ ಎಕ್ಸಾಸ್ಟರ್, ಹಳೆಯ ಪೆಟ್ಟಿಗೆಯ ಕೆಲಸವನ್ನು ಗಣಕಯಂತ್ರದ ಧ್ವನಿಫಲಕದಿಂದಲೇ ಮಾಡಿಸುವ ಡೈರ್‌ವುಲ್ಫ್, ಇವೆರಡೂ ಮೂಲಪಾಠ ಸಹಿತ ದೊರೆಯುತ್ತವೆ. ಹಣವಿಲ್ಲದ ವಿದ್ಯಾರ್ಥಿಯೂ ಹಳೆಯ ಗಣಕಯಂತ್ರವೊಂದರಿಂದ ಈ ವಿದ್ಯೆಯನ್ನು ಕಲಿಯುವ ಮಾರ್ಗ ಹೀಗೆ ತೆರೆಯಿತು.

ಕರ್ನಾಟಕವೂ ಹವ್ಯಾಸಿಗಳಿಗೆ ತನ್ನ ಕಾಣಿಕೆಯನ್ನು ಕೊಟ್ಟಿದೆ. ಬೆಂಗಳೂರಿನಲ್ಲಿ ಇಸ್ರೋ ನಿರ್ಮಿಸಿದ ‘ಹ್ಯಾಮ್‌ಸ್ಯಾಟ್’ ಉಪಗ್ರಹ 2005ರ ಮೇ 5ರಂದು ಶ್ರೀಹರಿಕೋಟೆಯಿಂದ ಮೇಲೇರಿತು. ಅದರ ತೂಕ 42.5 ಕಿಲೋಗ್ರಾಂ. ಒಳಗಿದ್ದ ಎರಡು ಪ್ರೇಷಾನುವರ್ತಿಗಳಲ್ಲಿ ಒಂದು ಭಾರತೀಯರದು, ಇನ್ನೊಂದು ಹಾಲೆಂಡಿನ ವಿದ್ಯಾರ್ಥಿಯೊಬ್ಬನದು. 2014ರವರೆಗೆ ಅದು ಜಗತ್ತಿನ ಹವ್ಯಾಸಿಗಳ ಮಾತನ್ನು ಶುಲ್ಕವಿಲ್ಲದೆ ಹೊತ್ತು ತಿರುಗಿತು.

ಕೈಯಲ್ಲಿ ದೂರವಾಣಿ ಇರುವಾಗ ಇಷ್ಟೆಲ್ಲ ಏಕೆಂದು ಕೇಳಬಹುದು. 2009ರ ಸೆಪ್ಟೆಂಬರ್ ಕೊನೆಯಲ್ಲೂ ಅಕ್ಟೋಬರ್ ಮೊದಲಲ್ಲೂ ಉತ್ತರ ಕರ್ನಾಟಕವನ್ನು ಮುಳುಗಿಸಿದ ನೆರೆಯಲ್ಲಿ ಸಿರುಗುಪ್ಪ ತಾಲ್ಲೂಕು ಬಹಳ ನೊಂದಿತು. ಒಂದು ಕಡೆ ತುಂಗಭದ್ರೆ, ಇನ್ನೊಂದು ಕಡೆ ಹಗರಿ. ಅಂಥ ವೇಳೆಯಲ್ಲಿ ದೋಣಿ ಎಲ್ಲಿದೆ, ಔಷಧದ ವಾಹನ ಎಲ್ಲಿ ನಿಂತಿತು ಎಂಬ ಎರಡು ಸಂಗತಿಗಳಿಗೆ ಜೀವಗಳೇ ಅಡವಾಗಿರುತ್ತವೆ. ವಿದ್ಯುತ್ತು ಹೋಗಿ ದೂರವಾಣಿಯ ಗೋಪುರ ಮೂಕವಾದರೂ, ಬ್ಯಾಟರಿಯೊಂದಿದ್ದರೆ ಈ ಸಣ್ಣ ಪ್ರೇಷಕ ತನ್ನ ನೆಲೆಯನ್ನು ಹೇಳುತ್ತಲೇ ಇರುತ್ತದೆ. ಆದರೆ ಆಪತ್ತು ಬಂದ ದಿನ ಪರವಾನಗಿಗೆ ಅರ್ಜಿ ಹಾಕಿ ಫಲವಿಲ್ಲ. ಪರೀಕ್ಷೆಗೆ ಕುಳಿತು, ಕರೆಸಂಕೇತ ಪಡೆದು, ಮೊದಲೇ ಅಭ್ಯಾಸ ಮಾಡಿದವರು ಊರಲ್ಲಿರಬೇಕು.

ಇನ್ನೊಂದು ಕಾರಣವೂ ಉಂಟು. ನನ್ನ ದೃಷ್ಟಿಯಲ್ಲಿ ಅದೇ ದೊಡ್ಡದು. ಹವ್ಯಾಸಿ ಬಾನುಲಿಯಲ್ಲಿ ಅರ್ಥವನ್ನು ಮರೆಮಾಚುವ ಗೂಢಲಿಪಿಗೆ ಅವಕಾಶವಿಲ್ಲ. ಹೇಳಿದ್ದು ಎಲ್ಲರಿಗೂ ಕೇಳಿಸುತ್ತದೆ. ಹೀಗೆ ನೆಲೆಯನ್ನು ಸಾರಿದರೆ ಕಳ್ಳನಿಗೂ ಕೇಳಿಸೀತಲ್ಲ ಎಂಬ ಶಂಕೆ ಯುಕ್ತವೇ. ನಿಯಮಸಂಹಿತೆಯಲ್ಲಿ ಅದಕ್ಕೂ ಉಪಾಯವಿದೆ. ಸ್ಥಾನವನ್ನು ಅಂಶ, ಕಲೆ ಮತ್ತು ಕಲೆಯ ನೂರನೆಯ ಭಾಗದವರೆಗೆ ಬರೆಯುತ್ತಾರೆ. ಅಕ್ಷಾಂಶದಲ್ಲಿ ಆ ಕೊನೆಯ ಅಂಕದ ಬೆಲೆ ಸುಮಾರು 18 ಮೀಟರ್. ಕೊನೆಯ ಎರಡು ಅಂಕಗಳನ್ನು ಖಾಲಿ ಬಿಟ್ಟರೆ ನಿಖರತೆ ಸುಮಾರು ಎರಡು ಕಿಲೋಮೀಟರಿಗೆ ಇಳಿಯುತ್ತದೆ. ಸತ್ಯನಾರಾಯಣಪೇಟೆಯ ನಿವಾಸಿಯಾದ ನಾನು ಬಳ್ಳಾರಿ ನಗರದಲ್ಲಿದ್ದೇನೆಂದು ತಿಳಿದೀತು, ಯಾವ ಮನೆಯಲ್ಲೆಂದು ತಿಳಿಯದು. ಎಷ್ಟು ಹೇಳಬೇಕೆಂಬ ನಿರ್ಧಾರ ಹೇಳುವವನದು. ಉಪಕರಣ ಆ ಮಾತಿಗೆ ತಪ್ಪದೆ ನಡೆಯುತ್ತದೆಯೇ ಎಂಬುದನ್ನು ಮೂಲಪಾಠ ತೆರೆದು ಪರೀಕ್ಷಿಸಬಹುದು. ನಮಗರಿಯದಂತೆ ನಮ್ಮ ನೆಲೆಯನ್ನು ಯಾರಿಗೋ ಒಪ್ಪಿಸುವ ಯಂತ್ರಗಳ ಕಾಲದಲ್ಲಿ ಇದು ಸಾಮಾನ್ಯ ಗುಣವಲ್ಲ.

2021ರ ಫೆಬ್ರವರಿಯಲ್ಲಿ ಭಾರತ ಸರಕಾರವು ನಕ್ಷೆ ರಚನೆಯ ಮೇಲಿದ್ದ ಪೂರ್ವಾನುಮತಿಯ ನಿರ್ಬಂಧಗಳನ್ನು ಭಾರತೀಯರಿಗೆ ಬಹುಮಟ್ಟಿಗೆ ಸಡಿಲಿಸಿತು. ಗುತ್ತಿಯ ಸರಪಳಿಯಿಂದ ಅಲ್ಲಿಗೆ 210 ವರ್ಷಗಳು. ಬಾಗಿಲು ತೆರೆದಿದೆ. ಕುರುಗೋಡಿನ ಶಾಲೆಯ ಮಕ್ಕಳು ತಮ್ಮೂರಿನ ಗುಡ್ಡ, ಕೆರೆ, ದಾರಿಗಳನ್ನು ತಾವೇ ಗುರುತಿಸಿ, ತಾವೇ ಜೋಡಿಸಿದ ಉಪಕರಣದಿಂದ ಸಾರುವುದು ಇಂದು ಅಸಾಧ್ಯವಲ್ಲ. ಅವರಿಗೆ ಕಲಿಸಬಲ್ಲ ನಾಲ್ವರು ಈ ಜಿಲ್ಲೆಯಲ್ಲಿ ಸಿದ್ಧರಾದರೆ ಸಾಕು.