ಸಾರಿಸಿದ ನೆಲ

ಗೋಣಿಬೀಡಿನ ನಮ್ಮ ತೌರಿನಲ್ಲಿ ಒಕ್ಕಲಿಗೆ ಮುಂಚೆ ಕಣ ಸಾರಿಸುವುದು ಅವ್ವನ ಕೆಲಸ. ಸಗಣಿ ಕದಡಿ, ಪೊರಕೆ ಹಿಡಿದು, ಬೆನ್ನು ಬಗ್ಗಿಸಿ ಹಿಂದಕ್ಕೆ ಸರಿಯುತ್ತ ಮುಗಿಸುವ ಹೊತ್ತಿಗೆ ಮಧ್ಯಾಹ್ನ. ಆಮೇಲೆ ಗಂಡಸರು ಬಂದು ಮೇಟಿಗೆ ಎತ್ತು ಕಟ್ಟುತ್ತಿದ್ದರು.

ಹೈಸ್ಕೂಲಿನ ದಿನಗಳು. ಗೆಳತಿಯರು ಬಂದಿದ್ದಾಗ ಕಾಫಿ ತಂದ ಅವ್ವನಿಗೆ, ‘ಕೈ ಸರಿಯಾಗಿ ತೊಳ್ಕೊಂಡು ಬಾರವ್ವ’ ಎಂದುಬಿಟ್ಟೆ. ಅವ್ವ ಮಾತಾಡದೆ ಒಳಗೆ ಹೋದಳು.

ಎಷ್ಟೋ ವರ್ಷಗಳ ಮೇಲೆ ಶೀಲಾ ಗೌಡರ ಕೃತಿಗಳ ಚಿತ್ರ ನೋಡಿದೆ. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದ ಈಕೆ ಮೊದಲು ಬಣ್ಣದಲ್ಲಿ ಚಿತ್ರ ಬರೆದವರು. 1990ರ ದಶಕದ ಆರಂಭದಲ್ಲಿ ಸಗಣಿಯನ್ನು ಕೈಗೆತ್ತಿಕೊಂಡರು. ಮುಂದೆ ಸೂಜಿ, ನೂಲು, ಕುಂಕುಮ. ಸೂಜಿ ಪೋಣಿಸಿದ ನೂಲೆಳೆಗಳನ್ನು ಸೇರಿಸಿ ಕುಂಕುಮ ಬಳಿದ ಕೆಂಪು ಹಗ್ಗವನ್ನು, ಆಯಾ ಕೋಣೆಯ ಗೋಡೆ, ನೆಲ ನೋಡಿಕೊಂಡೇ ಹರಡುತ್ತಾರೆ. 2009ರಲ್ಲಿ ವೆನಿಸ್ಸಿನ ಹಳೆಯ ಹಡಗುಕಟ್ಟೆ ಆರ್ಸೆನಾಲೆಯಲ್ಲಿ ಅವರು ಇಟ್ಟದ್ದು ಸುಮಾರು 4000 ಮೀಟರ್ ಕೂದಲ ಹಗ್ಗ. ಅದರಲ್ಲಿ ತೂಗುವ ಕಾರಿನ ಬಂಪರುಗಳು. ದೇವಸ್ಥಾನದಲ್ಲಿ ಮುಡಿ ಕೊಟ್ಟ ಕೂದಲಿನಿಂದ ಹೊಸೆದು, ದೃಷ್ಟಿ ತಾಗದಿರಲೆಂದು ಬೆಂಗಳೂರಿನಲ್ಲಿ ಗಾಡಿಗಳಿಗೆ ಕಟ್ಟುವ ಹಗ್ಗ ಅದು. ಒಂದು ಕಾಲಕ್ಕೆ ಹಡಗುಗಳಿಗೆ ಹಗ್ಗ ಹೊಸೆದ ಆವರಣದಲ್ಲಿ ನಮ್ಮವರ ಮುಡಿ!

ಅದನ್ನು ಜನ ಕಲೆಯೆಂದು ನಿಂತು ನೋಡಿದರು. ನಾನು ಚಿತ್ರ ಮುಚ್ಚಿಟ್ಟು ಅತ್ತೆ.

ಈಗ ಆ ಕಣಕ್ಕೆ ಸಿಮೆಂಟು ಬಿದ್ದಿದೆ, ಕಾಫಿ ಒಣಗುತ್ತದೆ. ಅವ್ವ ಇಲ್ಲ. ಅವಳು ಸಾರಿಸಿದ ನೆಲದ ಒಂದು ಫೋಟೋವೂ ನಮ್ಮಲ್ಲಿಲ್ಲ. ಪೊರಕೆ ಎಳೆದ ಅರ್ಧಚಂದ್ರದ ಗೆರೆಗಳು, ಸಾಲು ಸಾಲಾಗಿ, ನನ್ನ ಕಣ್ಣಲ್ಲಿ ಮಾತ್ರ ಉಳಿದಿವೆ.